ಒಂದೇ ಕಥೆ, ಹಲವು ರೂಪ: ಈ ವಾರ ಓದಬೇಕೆ, ನೋಡಬೇಕೆ?

ಗೆಳೆಯರು ಹೊಗಳಿದ ಜಪಾನಿನ ಕಥೆಯೊಂದರ ಹೆಸರು ನೆನಪಿನಲ್ಲಿದೆ, ಬಿಡುವಾಗಿರುವ ಒಂದು ವಾರದ ಸಂಜೆಗಳೂ ಇವೆ. ಆದರೆ ಅದೇ ಕಥೆ ಕಾದಂಬರಿಯಾಗಿ, ಮಂಗಾ ಎಂಬ ಜಪಾನಿ ಚಿತ್ರಕಥೆಯಾಗಿ, ಅನಿಮೆ ಎಂಬ ಜಪಾನಿ ಅನಿಮೇಷನ್ ಆಗಿ ಬೇರೆ ಬೇರೆ ಕಡೆ ಸಿಗುವಾಗ ಯಾವುದರಿಂದ ಆರಂಭಿಸಬೇಕು ಎಂಬ ಗೊಂದಲದಲ್ಲಿ ನಿಂತವರು ಬಹಳ ಮಂದಿ. ಮೂಲವನ್ನೇ ಓದಬೇಕು ಎಂದು ಒಬ್ಬರು ಹಟ ಹಿಡಿಯುತ್ತಾರೆ, ಓದುವಷ್ಟು ವ್ಯವಧಾನ ಯಾರಿಗಿದೆ, ನೋಡಿಬಿಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ಈ ಎರಡೂ ಸಲಹೆಗಳು ಎಲ್ಲ ಕಥೆಗಳಿಗೂ ಒಂದೇ ಅಳತೆ ಹಿಡಿಯುತ್ತವೆ ಎಂಬುದು ನನ್ನ ತಕರಾರು. ಕೆಲವು ಕಥೆಗಳು ಪುಟದ ಮೇಲೆಯೇ ಪೂರ್ತಿಯಾಗಿ ಅರಳುತ್ತವೆ. ಕೆಲವಕ್ಕೆ ಧ್ವನಿ ಮತ್ತು ಚಲನೆ ಸೇರಿದ ಮೇಲೆ ಕಳೆ ಬರುತ್ತದೆ. ಈ ವಾರ ನಾನು ಮತ್ತೆ ಕೈಗೆತ್ತಿಕೊಂಡ, ನನಗೆ ತುಂಬ ಪ್ರಿಯವಾದ ನಾಲ್ಕು ಕೃತಿಗಳಲ್ಲಿ ಯಾವುದನ್ನು ಯಾವ ರೂಪದಲ್ಲಿ ಆರಿಸಿಕೊಳ್ಳುವುದು ಒಳ್ಳೆಯದೆಂದು ಇಲ್ಲಿ ತೂಗಿ ನೋಡಿದ್ದೇನೆ. ಕಥೆಯ ಆರಂಭದ ಸಂಗತಿಗಳನ್ನು ಹೇಳಲೇಬೇಕಾಗಿದೆ; ಕೊನೆಯನ್ನು ಆದಷ್ಟು ಬಿಟ್ಟುಕೊಟ್ಟಿಲ್ಲ.

ಯಾವುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು

ಮೊದಲನೆಯದು ಸಮಯ. ಅನಿಮೆಯ ಒಂದು ಕಂತು ಸುಮಾರು 24 ನಿಮಿಷದ್ದು. ದಿನಕ್ಕೆ ಎರಡರಂತೆ ನೋಡಿದರೆ ವಾರಕ್ಕೆ 14 ಕಂತುಗಳಾಗುತ್ತವೆ. ಸುಮಾರು ಇನ್ನೂರು ಪುಟದ ಮಂಗಾ ಸಂಪುಟವನ್ನು ರೂಢಿಯಿರುವವರು ಒಂದು ಗಂಟೆಯಲ್ಲಿ ಮುಗಿಸುತ್ತಾರೆ. ಬಲದಿಂದ ಎಡಕ್ಕೆ ಓದಿ ಅಭ್ಯಾಸವಿಲ್ಲದವರಿಗೆ ಮೊದಲ ಸಂಪುಟ ಇನ್ನಷ್ಟು ಹೊತ್ತು ಹಿಡಿಯುತ್ತದೆ, ಎರಡನೆಯದಕ್ಕೆ ಬರುವಷ್ಟರಲ್ಲಿ ಕಣ್ಣು ಹೊಂದಿಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಬಂದ ಸಾಧಾರಣ ಗಾತ್ರದ ಕಾದಂಬರಿಗೆ ಐದಾರು ಗಂಟೆ ಬೇಕು.

ಎರಡನೆಯದು ದುಡ್ಡು. ಇಂಗ್ಲಿಷ್ ಮಂಗಾದ ಒಂದು ಸಂಪುಟಕ್ಕೆ ನಮ್ಮಲ್ಲಿ ಕೆಲವು ನೂರು ರೂಪಾಯಿ ಕೊಡಬೇಕಾಗುತ್ತದೆ, ಮತ್ತು ಒಂದು ಸಂಪುಟದಲ್ಲಿ ಕಥೆ ಮುಗಿಯುವುದು ಅಪರೂಪ. ಅನಿಮೆ ತೋರಿಸುವ ಒಟಿಟಿಯ ತಿಂಗಳ ಚಂದಾ ಆ ಒಂದು ಸಂಪುಟಕ್ಕಿಂತ ಅಗ್ಗ. ಆದರೆ ಕೊಂಡ ಪುಸ್ತಕ ಮನೆಯಲ್ಲಿ ಉಳಿಯುತ್ತದೆ, ನಾಲ್ಕು ಜನರ ಕೈಗೆ ಹೋಗುತ್ತದೆ. ಚಂದಾ ನಿಲ್ಲಿಸಿದ ದಿನವೇ ಒಟಿಟಿಯ ಬಾಗಿಲು ಮುಚ್ಚುತ್ತದೆ. ಬೆಂಗಳೂರಿನಲ್ಲಿರುವವರಿಗೆ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳು ಹತ್ತಿರದ ದಾರಿ. ಅಲ್ಲಿ ಹೊಸದರ ಜೊತೆಗೆ ಬಳಸಿದ ಪ್ರತಿಗಳೂ ಸಿಗುವುದರಿಂದ ಖರ್ಚು ತಗ್ಗುತ್ತದೆ.

ಮೂರನೆಯದು ಭಾಷೆ. ಒಟಿಟಿಯಲ್ಲಿ ಹಲವು ಅನಿಮೆಗಳು ಹಿಂದಿ, ತಮಿಳು, ತೆಲುಗು ಧ್ವನಿಯಲ್ಲಿ ಬರತೊಡಗಿವೆ. ಕನ್ನಡದ ಓದುಗ ಮಾತ್ರ ಬಹುತೇಕ ಇಂಗ್ಲಿಷ್ ಸಬ್‌ಟೈಟಲನ್ನೇ ನೆಚ್ಚಿಕೊಳ್ಳಬೇಕಾಗಿದೆ. ಓಡುವ ಸಬ್‌ಟೈಟಲನ್ನು ಹಿಂಬಾಲಿಸುವುದು ಕಷ್ಟವಾಗುವವರಿಗೆ ಮಂಗಾ ಹೆಚ್ಚು ಸಲೀಸು, ಏಕೆಂದರೆ ಅಲ್ಲಿ ವಾಕ್ಯ ನಮಗಾಗಿ ಕಾದು ನಿಲ್ಲುತ್ತದೆ.

ನಾಲ್ಕನೆಯದು, ಕಥೆ ಮುಗಿದಿದೆಯೇ ಎಂಬುದು. ವರ್ಷಗಟ್ಟಲೆ ಕಾಯುವ ತಾಳ್ಮೆಯಿಲ್ಲದವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವುದು ಐದನೆಯದಕ್ಕೆ: ಕಥೆಯ ಸತ್ವ ಎಲ್ಲಿದೆ? ಕಾದಂಬರಿ ಪಾತ್ರದ ತಲೆಯೊಳಗೆ ನಡೆಯುವುದನ್ನು ಎಳೆಎಳೆಯಾಗಿ ಬಿಡಿಸಬಲ್ಲದು. ಮಂಗಾದಲ್ಲಿ ವೇಗದ ಹಿಡಿತ ಓದುಗನ ಕೈಯಲ್ಲಿದೆ. ಒಂದು ಮುಖದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಹಿಂದಿನ ಪುಟಕ್ಕೆ ಮರಳಬೇಕು ಎಂಬುದನ್ನು ಅವನೇ ತೀರ್ಮಾನಿಸುತ್ತಾನೆ. ಅನಿಮೆಯಲ್ಲಿ ಆ ಹಿಡಿತ ನಿರ್ದೇಶಕನದು. ಅವನು ನಿಲ್ಲಿಸಿದಲ್ಲಿ ನಾವೂ ನಿಲ್ಲಬೇಕು. ಕಥೆಗೆ ಇವುಗಳಲ್ಲಿ ಯಾವುದು ಹೆಚ್ಚು ಅಗತ್ಯವೋ ಆ ರೂಪವನ್ನು ಆರಿಸಿಕೊಂಡರೆ ವಾರ ಸಾರ್ಥಕವಾಗುತ್ತದೆ.

ಫ್ರೀರೆನ್: ಮಂಗಾವೋ, ಅನಿಮೆಯೋ

ಯಮಾದಾ ಕಾನೆಹಿತೊ ಬರೆದು ಅಬೆ ತ್ಸುಕಾಸಾ ಚಿತ್ರಿಸುತ್ತಿರುವ ಈ ಮಂಗಾ 2020ರಲ್ಲಿ ‘ವೀಕ್ಲಿ ಶೋನೆನ್ ಸಂಡೆ’ ಪತ್ರಿಕೆಯಲ್ಲಿ ಆರಂಭವಾಗಿ 2021ರ ಮಂಗಾ ತೈಶೋ ಪ್ರಶಸ್ತಿಯನ್ನು ಪಡೆಯಿತು. ಮ್ಯಾಡ್‌ಹೌಸ್ ಸಂಸ್ಥೆ ಸೈತೊ ಕೇಯಿಚಿರೊ ನಿರ್ದೇಶನದಲ್ಲಿ ತಯಾರಿಸಿದ ಅನಿಮೆಯ ಮೊದಲ ಸರಣಿ 2023ರ ಸೆಪ್ಟೆಂಬರಿನಿಂದ 2024ರ ಮಾರ್ಚಿನವರೆಗೆ 28 ಕಂತುಗಳಲ್ಲಿ ಪ್ರಸಾರವಾಯಿತು.

ಬೇರೆ ಸಾಹಸಕಥೆಗಳು ಮುಗಿಯುವ ಕಡೆ ಇದು ಶುರುವಾಗುತ್ತದೆ. ಅಸುರರಾಜನನ್ನು ಕೊಂದು ಹತ್ತು ವರ್ಷಗಳ ಪಯಣ ಮುಗಿಸಿ ನಾಲ್ವರು ಮರಳಿ ಬರುತ್ತಾರೆ: ವೀರ ಹಿಮ್ಮೆಲ್, ಪುರೋಹಿತ ಹೈಟರ್, ಕುಬ್ಜ ಯೋಧ ಐಜ಼ೆನ್ ಮತ್ತು ಸಾವಿರ ವರ್ಷಕ್ಕೂ ಮೀರಿ ಬಾಳುವ ಎಲ್ಫ್ ಕುಲದ ಮಾಂತ್ರಿಕೆ ಫ್ರೀರೆನ್. ಐವತ್ತು ವರ್ಷಕ್ಕೊಮ್ಮೆ ಸುರಿಯುವ ಉಲ್ಕೆಗಳನ್ನು ಒಟ್ಟಿಗೆ ನೋಡುತ್ತಾ, ಮುಂದಿನ ಸಲ ಇದಕ್ಕಿಂತ ಚೆನ್ನಾಗಿ ಕಾಣುವ ಜಾಗಕ್ಕೆ ನಿಮ್ಮನ್ನು ಕರೆದೊಯ್ಯುತ್ತೇನೆ ಎಂದು ಅವಳು ನಾಳೆ ಸಿಗೋಣ ಎನ್ನುವಷ್ಟೇ ಸಹಜವಾಗಿ ಹೇಳುತ್ತಾಳೆ. ಐವತ್ತು ವರ್ಷದ ನಂತರ ಅವಳು ಮರಳಿದಾಗ ಹಿಮ್ಮೆಲ್ ಮುದುಕನಾಗಿ, ಕುಗ್ಗಿ, ತಲೆ ಬೋಳಾಗಿ ನಿಂತಿದ್ದಾನೆ. ಅವಳ ಮುಖದಲ್ಲಿ ಒಂದು ಗೆರೆಯೂ ಬದಲಾಗಿಲ್ಲ. ಸ್ವಲ್ಪ ಕಾಲದಲ್ಲೇ ಅವನು ತೀರಿಕೊಳ್ಳುತ್ತಾನೆ. ಹತ್ತು ವರ್ಷ ಜೊತೆಗಿದ್ದವನನ್ನು ತಾನು ಅರಿಯಲು ಯತ್ನಿಸಲೇ ಇಲ್ಲವೆಂಬ ಅಳಲಿನಿಂದ ಅವಳ ಎರಡನೆಯ ಪಯಣ ಹೊರಡುತ್ತದೆ.

ಇದು ಕಾಲವನ್ನು ಕುರಿತ ಕಥೆ; ಎರಡು ರೂಪಗಳೂ ಕಾಲವನ್ನು ಬಳಸುವ ಬಗೆ ತೀರ ಬೇರೆ. ಮಂಗಾದಲ್ಲಿ ಒಂದು ಚೌಕಟ್ಟಿಗೂ ಮುಂದಿನ ಚೌಕಟ್ಟಿಗೂ ನಡುವಿನ ಬಿಳಿ ಗೆರೆಯಲ್ಲಿ ವರ್ಷಗಳು ಸರಿದುಹೋಗುತ್ತವೆ, ಮತ್ತು ಹಾಗೆ ಸರಿದದ್ದು ಓದುಗನ ಗಮನಕ್ಕೆ ಬರುವುದು ಒಂದು ಕ್ಷಣ ತಡವಾಗಿ. ಫ್ರೀರೆನ್‌ಗೆ ಮನುಷ್ಯರ ವರ್ಷಗಳು ಕಾಣುವ ರೀತಿಯೇ ಅದು. ಅಬೆಯವರ ಚಿತ್ರಗಳಲ್ಲಿ ಮುಖಗಳು ಮಿತವಾಗಿ ಭಾವ ತೋರುತ್ತವೆ, ಮಾತು ಕಡಿಮೆ, ಕಾಳಗಗಳು ನಾಲ್ಕಾರು ಪುಟದಲ್ಲಿ ತೀರಿಹೋಗುತ್ತವೆ.

ಅನಿಮೆ ಇದಕ್ಕೆ ವಿರುದ್ಧವಾಗಿ ಕಾಲವನ್ನು ಹಿಗ್ಗಿಸುತ್ತದೆ. ನಡಿಗೆ, ಹಿಮ ಬಿದ್ದ ಹಳ್ಳಿಯ ಚಳಿಗಾಲ, ನೀಲಿ ಹೂವಿನ ಬಯಲು, ಇವೆಲ್ಲವೂ ಪಾತ್ರಗಳಷ್ಟೇ ಹೊತ್ತು ತೆರೆಯ ಮೇಲೆ ಇರುತ್ತವೆ. ಎವನ್ ಕಾಲ್ ಅವರ ಸಂಗೀತ ಅವುಗಳ ಅಡಿಯಲ್ಲಿ ಹರಿಯುತ್ತದೆ. ಫ್ರೀರೆನ್‌ಳ ಶಿಷ್ಯೆ ಫರ್ನ್ ಮತ್ತು ಯೋಧ ಸ್ಟಾರ್ಕ್ ಒಬ್ಬ ಸಿರಿವಂತನ ಮನೆಯ ನೃತ್ಯಕೂಟದಲ್ಲಿ ಜೊತೆಯಾಗಿ ಕುಣಿಯುವ ಭಾಗ ಮಂಗಾದಲ್ಲಿ ಕೆಲವೇ ಚೌಕಟ್ಟುಗಳದ್ದು. ಅನಿಮೆಯಲ್ಲಿ ಅದು ಪೂರ್ಣ ನೃತ್ಯವಾಗಿದೆ. ಹೆಜ್ಜೆ ಹಾಕುವಾಗ ಅವರಿಬ್ಬರ ನಡುವಿನ ಸಂಕೋಚ ಹೇಗೆ ಸಡಿಲವಾಗುತ್ತದೆ ಎಂಬುದನ್ನು ಒಂದು ಮಾತೂ ಇಲ್ಲದೆ ನೋಡಬಹುದು. ಕಾಳಗಗಳೂ ಹಾಗೆಯೇ ಬೆಳೆದಿವೆ. ಮಾಂತ್ರಿಕರ ಪರೀಕ್ಷೆಯ ಕಂತುಗಳಿಗೆ ಅದರಿಂದ ಮೆರುಗು ಬಂದಿದೆಯಾದರೂ ಮಂಗಾದ ಸಂಯಮ ಅಲ್ಲಿ ಸ್ವಲ್ಪ ಮಾಸಿದೆ ಎಂದು ನನಗನ್ನಿಸುತ್ತದೆ.

ನನ್ನ ಆಯ್ಕೆ ಅನಿಮೆ, ಅದೂ ತುಸು ಬಲವಾಗಿಯೇ. ಪುಟಗಳನ್ನು ಬೇಗ ಬೇಗ ತಿರುವುವ ಅಭ್ಯಾಸವಿರುವವರಿಗಂತೂ ಈ ಕಥೆ ಮಂಗಾದಲ್ಲಿ ಕೈತಪ್ಪಿಹೋಗುವ ಅಪಾಯವಿದೆ. ಅನಿಮೆ ಹಾಗೆ ಓಡಲು ಬಿಡುವುದಿಲ್ಲ. ಲೆಕ್ಕವೂ ಅದರ ಕಡೆಗೇ ಇದೆ: 28 ಕಂತುಗಳು ಮಂಗಾದ ಏಳನೆಯ ಸಂಪುಟದ ಆರಂಭದವರೆಗಿನ ಕಥೆಯನ್ನು ಹೇಳುತ್ತವೆ, ಏಳು ಸಂಪುಟಗಳ ಬೆಲೆಯಲ್ಲಿ ಎಷ್ಟೋ ತಿಂಗಳ ಚಂದಾ ಕಟ್ಟಬಹುದು. ಮಂಗಾ ಇನ್ನೂ ಮುಗಿದಿಲ್ಲ, ನಡುನಡುವೆ ದೀರ್ಘ ವಿರಾಮಗಳನ್ನೂ ತೆಗೆದುಕೊಂಡಿದೆ. ಕೊನೆ ಕಾಣದೆ ನೆಮ್ಮದಿಯಿಲ್ಲದವರಿಗೆ ಇದು ಸದ್ಯಕ್ಕೆ ತಕ್ಕ ಆಯ್ಕೆಯಲ್ಲ. ವಾರವೊಂದರಲ್ಲಿ ಎಲ್ಲ 28 ಕಂತುಗಳನ್ನು ತುರುಕಬೇಡಿ ಎಂಬುದು ನನ್ನ ಕಳಕಳಿಯ ಮಾತು. ಮೊದಲ ನಾಲ್ಕು ಕಂತುಗಳು ಜಪಾನಿನಲ್ಲೂ ಎರಡು ಗಂಟೆಯ ವಿಶೇಷ ಪ್ರಸಾರವಾಗಿ ಒಟ್ಟಿಗೆ ಬಂದಿದ್ದವು. ಅವನ್ನು ಒಂದೇ ಸಂಜೆ ನೋಡಿ, ಅಲ್ಲಿಂದ ಮುಂದೆ ದಿನಕ್ಕೊಂದು ಸಾಕು.

ಔಷಧಿಕಾರ್ತಿಯ ಕಥೆ: ಕಾದಂಬರಿ, ಎರಡು ಮಂಗಾ, ಅನಿಮೆ

ಇಂಗ್ಲಿಷಿನಲ್ಲಿ ‘ದಿ ಅಪೋಥಿಕೆರಿ ಡೈರೀಸ್’ ಎಂದು ಹೆಸರಾದ ಹ್ಯೂಗಾ ನಾತ್ಸು ಅವರ ಈ ಕೃತಿಯಲ್ಲಿ ಆಯ್ಕೆ ನಿಜಕ್ಕೂ ಕಠಿಣ. ಹವ್ಯಾಸಿ ಬರಹಗಾರರು ತಮ್ಮ ಕಾದಂಬರಿಗಳನ್ನು ಪ್ರಕಟಿಸುವ ಜಪಾನಿನ ಜಾಲತಾಣವೊಂದರಲ್ಲಿ 2011ರಲ್ಲಿ ಮೊದಲಾದ ಇದು 2014ರಿಂದ ಲೈಟ್ ನಾವೆಲ್ (ನಡುನಡುವೆ ಚಿತ್ರಗಳಿರುವ, ಹಗುರ ಓದಿನ ಕಾದಂಬರಿ) ಆಗಿ ಪುಸ್ತಕರೂಪದಲ್ಲಿ ಬರುತ್ತಿದೆ. 2017ರಲ್ಲಿ ಎರಡು ಬೇರೆ ಬೇರೆ ಪ್ರಕಾಶಕರಿಂದ ಎರಡು ಬೇರೆ ಬೇರೆ ಮಂಗಾಗಳು ಶುರುವಾದವು. 2023ರ ಅಕ್ಟೋಬರಿನಲ್ಲಿ ಅನಿಮೆ ಬಂತು. ಮೊದಲ ಸರಣಿಯಲ್ಲಿ 24 ಕಂತುಗಳಿದ್ದವು, 2025ರಲ್ಲಿ ಎರಡನೆಯ ಸರಣಿಯಾಗಿ ಇನ್ನೂ 24 ಬಂದವು.

ಹಳೆಯ ಚೀನಾವನ್ನು ಹೋಲುವ ಕಲ್ಪಿತ ರಾಜ್ಯದಲ್ಲಿ, ಸೂಳೆಗೇರಿಯಲ್ಲಿ ಬೆಳೆದು ಮದ್ದರೆಯುವುದನ್ನು ಕಲಿತ ಮಾವೊಮಾವೊ ಎಂಬ ಹುಡುಗಿಯನ್ನು ಅಪಹರಿಸಿ ಅರಸನ ಅಂತಃಪುರಕ್ಕೆ ದಾಸಿಯಾಗಿ ಮಾರಲಾಗುತ್ತದೆ. ಅಲ್ಲಿ ಅರಸನ ಹಸುಗೂಸುಗಳು ಒಂದರ ಹಿಂದೊಂದು ಕ್ಷೀಣಿಸಿ ಸಾಯುತ್ತಿವೆ. ಶಾಪವೆಂದು ಎಲ್ಲರೂ ನಂಬಿರುವಾಗ, ತಾಯಂದಿರು ಮುಖಕ್ಕೆ ಬಳಿಯುವ ಬಿಳಿ ಪುಡಿಯೇ ವಿಷವೆಂದು ಅವಳು ಗುರುತಿಸುತ್ತಾಳೆ. ಸೀಸ ಬೆರೆತ ಇಂಥ ಪುಡಿ ಇತಿಹಾಸದಲ್ಲೂ ಬಳಕೆಯಲ್ಲಿತ್ತು. ಬಟ್ಟೆ ಹರಿದು, ಅದರ ಮೇಲೆ ಎಚ್ಚರಿಕೆ ಬರೆದು, ಹೂವಿನ ಟೊಂಗೆಗೆ ಕಟ್ಟಿ ಇಬ್ಬರು ರಾಣಿಯರ ಕಿಟಕಿಯಲ್ಲಿ ಇಡುತ್ತಾಳೆ. ಒಬ್ಬಳು ಅದನ್ನು ಲಕ್ಷಿಸುತ್ತಾಳೆ, ಇನ್ನೊಬ್ಬಳು ಲಕ್ಷಿಸುವುದಿಲ್ಲ. ಬರೆದವರು ಯಾರೆಂದು ಪತ್ತೆಹಚ್ಚಲು ಅಧಿಕಾರಿ ಜಿನ್ಶಿ ದಾಸಿಯರನ್ನೆಲ್ಲ ಸೇರಿಸಿ, ಮುಖದಲ್ಲಿ ಚುಕ್ಕೆಗಳಿರುವವಳು ಇಲ್ಲೇ ನಿಲ್ಲಲಿ ಎಂದು ಮೌನವಾಗಿ ಬರೆದು ತೋರಿಸುತ್ತಾನೆ. ಓದು ಬಾರದ ಹುಡುಗಿಯರೆಲ್ಲ ಚದುರಿಹೋಗುವಾಗ ಮಾವೊಮಾವೊ ಒಬ್ಬಳೇ ನಿಲ್ಲುತ್ತಾಳೆ.

ಈ ಕಥೆಯ ಸತ್ವ ಆ ಹುಡುಗಿಯ ತಲೆಯೊಳಗಿದೆ. ಅವಳು ಹೆಚ್ಚು ಮಾತನಾಡುವುದಿಲ್ಲ. ತನಗೆ ತಿಳಿದದ್ದನ್ನು ಹೇಳಿದರೆ ಯಾರ ಕೊರಳಿಗೆ ಉರುಳಾಗುತ್ತದೆಂದು ಲೆಕ್ಕಹಾಕಿ ಅರ್ಧವನ್ನು ನುಂಗಿಕೊಳ್ಳುತ್ತಾಳೆ. ನುಂಗಿಕೊಂಡ ಆ ಅರ್ಧ ಕಾದಂಬರಿಯಲ್ಲಿ ನಮಗೆ ಪೂರ್ತಿಯಾಗಿ ದಕ್ಕುತ್ತದೆ. ಗಿಡಮೂಲಿಕೆಗಳ ಗುಣ, ವಿಷದ ಪ್ರಮಾಣ, ಅಂತಃಪುರದ ಪದವಿಗಳ ಏಣಿ, ಹಿಂದೆಲ್ಲೋ ಬಂದುಹೋದ ಸಣ್ಣ ಸಂಗತಿ ಮುಂದೆ ದೊಡ್ಡ ಒಳಸಂಚಿನ ತುಂಡಾಗಿ ಕೂಡಿಕೊಳ್ಳುವುದು, ಇವು ನಿಧಾನವಾಗಿ ಓದುವವರಿಗೆ ಒದಗುವ ಸಂತೋಷಗಳು. ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದವರು ನೇರವಾಗಿ ಕಾದಂಬರಿಗೆ ಹೋಗಲಿ. ಅನುವಾದದ ಗದ್ಯ ಅಲ್ಲಲ್ಲಿ ಒಣಗಿದಂತಿದೆ, ವರ್ಣನೆ ತೀರ ಕಡಿಮೆ. ಉಡುಗೆ, ಅರಮನೆ, ತೋಟಗಳನ್ನು ಕಣ್ಣಿಗೆ ಕಟ್ಟುವಂತೆ ಬಯಸುವವರಿಗೆ ಇದು ಕೊರತೆಯಾಗಿ ಕಾಣುತ್ತದೆ.

ಆ ಕೊರತೆಯನ್ನು ಅನಿಮೆ ಧಾರಾಳವಾಗಿ ತುಂಬುತ್ತದೆ. ಇದಕ್ಕಿಂತ ಮುಖ್ಯವಾಗಿ, ಮಾವೊಮಾವೊಗೆ ಧ್ವನಿ ಕೊಟ್ಟ ಆಓಯಿ ಯೂಕಿ ಒಂದೇ ವಾಕ್ಯದಲ್ಲಿ ದಾಸಿಯ ವಿನಯದಿಂದ ವಿಷ ಕಂಡಾಗಿನ ಉನ್ಮಾದಕ್ಕೆ ಜಿಗಿಯಬಲ್ಲರು. ಔತಣದಲ್ಲಿ ರಾಣಿಗೆ ಬಡಿಸಿದ ವಿಷದ ಸಾರನ್ನು ರುಚಿ ನೋಡಿ ಅವಳು ಪರವಶಳಾಗುವ ದೃಶ್ಯದ ನಗು ಮತ್ತು ದಿಗಿಲು ಯಾವ ಪುಟದಲ್ಲೂ ಅಷ್ಟು ಒಟ್ಟೊಟ್ಟಿಗೆ ಬರುವುದಿಲ್ಲ. ಮೊದಲ ಸರಣಿ ಕಾದಂಬರಿಯ ಮೊದಲೆರಡು ಸಂಪುಟಗಳನ್ನೂ, ಎರಡನೆಯ ಸರಣಿ ಮೂರು ಮತ್ತು ನಾಲ್ಕನೆಯ ಸಂಪುಟಗಳನ್ನೂ ಒಳಗೊಂಡಿದೆ. ಹತ್ತು ಗಂಟೆಗೆ ಹತ್ತಿರದ ಅನಿಮೆಯ ಬದಲು ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ಎರಡು ಕಾದಂಬರಿಗಳನ್ನು ಓದಬಹುದು. ಹೀಗಾಗಿ ಸಮಯದ ದೃಷ್ಟಿಯಿಂದ ಎರಡರಲ್ಲಿ ಯಾವುದೂ ಮೇಲಲ್ಲ.

ಎರಡು ಮಂಗಾಗಳಲ್ಲಿ ನೆಕೊಕುರಾಗೆ ಚಿತ್ರಿಸಿದ್ದು ಅಲಂಕಾರಮಯ, ಮುಖಭಾವಗಳಲ್ಲಿ ಅತ್ಯಂತ ಸಮೃದ್ಧ. ಇಂಗ್ಲಿಷಿನಲ್ಲಿ ಸ್ಕ್ವೇರ್ ಎನಿಕ್ಸ್ ಹೊರತಂದಿರುವುದು ಇದನ್ನು. ಕುರಾತಾ ಮಿನೊಜಿ ಅವರದು ಒಗಟು ಬಿಡಿಸುವ ಕಡೆಗೆ ಹೆಚ್ಚು ವಾಲುತ್ತದೆ. ಕೊಳ್ಳುವವರಿಗೆ ನನ್ನ ಕಿವಿಮಾತು ಒಂದೇ: ಎರಡರ ಸಂಪುಟಗಳನ್ನು ಬೆರೆಸಿ ಕೊಳ್ಳಬೇಡಿ, ಹೆಸರು ಒಂದೇ ಇದ್ದರೂ ಪ್ರಕರಣಗಳ ವಿಂಗಡಣೆ ಬೇರೆ. ಮಂಗಾವನ್ನು ನಾನು ಸೂಚಿಸುವುದು ಮಾತ್ರ ಸಬ್‌ಟೈಟಲ್ ಒಗ್ಗದ, ಕಾದಂಬರಿಯ ಗಾತ್ರಕ್ಕೆ ಅಂಜುವ ಓದುಗರಿಗೆ. ಹದಿಮೂರು ಹದಿನಾಲ್ಕರೊಳಗಿನ ಮಕ್ಕಳಿಗೆ ಯಾವ ರೂಪವೂ ಬೇಡ; ಸೂಳೆಗೇರಿ ಮತ್ತು ಅಂತಃಪುರದ ಬದುಕಿನ ಕಹಿ ಕಥೆಯ ಉದ್ದಕ್ಕೂ ಇದೆ.

ಅ ಸೈಲೆಂಟ್ ವಾಯ್ಸ್: ಏಳು ಸಂಪುಟವೋ, 130 ನಿಮಿಷವೋ

ಕಿವಿ ಕೇಳದ ಸಹಪಾಠಿ ನಿಶಿಮಿಯಾ ಶೋಕೋಳನ್ನು ಆರನೆಯ ತರಗತಿಯಲ್ಲಿ ಪೀಡಿಸಿದ ಇಶಿದಾ ಶೋಯಾ, ವರ್ಷಗಳ ನಂತರ ಸನ್ನೆಭಾಷೆ ಕಲಿತು ಅವಳನ್ನು ಹುಡುಕಿಕೊಂಡು ಹೋಗುತ್ತಾನೆ. ಓಯಿಮಾ ಯೋಶಿತೋಕಿ ಅವರ ಮಂಗಾ 2013–14ರಲ್ಲಿ ಬಂದು ಏಳು ಸಂಪುಟಗಳಲ್ಲಿ ಮುಗಿದಿದೆ. ಕ್ಯೋಟೊ ಅನಿಮೇಷನ್‌ನ ಚಲನಚಿತ್ರವನ್ನು 2016ರಲ್ಲಿ ಯಮಾದಾ ನಾವೊಕೊ ನಿರ್ದೇಶಿಸಿದರು. ಮುಗಿದ ಕಥೆ ಬೇಕೆನ್ನುವವರಿಗೆ ಎರಡೂ ಒಪ್ಪುತ್ತವೆ. ಎರಡರಲ್ಲೂ ಆತ್ಮಹತ್ಯೆಯ ಯತ್ನಗಳಿವೆ, ಮನಸ್ಸು ನೊಂದಿರುವ ದಿನಗಳಲ್ಲಿ ಇದನ್ನು ಮುಂದೂಡುವುದು ಒಳ್ಳೆಯದು.

ಚಿತ್ರದಲ್ಲಿ ಸನ್ನೆಭಾಷೆ ನಿಜವಾಗಿ ಚಲಿಸುತ್ತದೆ. ಮಂಗಾದ ನಿಶ್ಚಲ ಕೈಗಳಿಗೆ ಇದು ಸಾಧ್ಯವಿಲ್ಲ. ಸಂಗೀತ ನೀಡಿದ ಉಶಿಯೊ ಕೆನ್ಸುಕೆ ಪಿಯಾನೊದ ಒಳಗೆ ಮೈಕ್ ಇಟ್ಟು ಸುತ್ತಿಗೆ, ಫೆಲ್ಟುಗಳ ಉಜ್ಜಾಟವನ್ನೂ ಧ್ವನಿಮುದ್ರಿಸಿದರು; ಶ್ರವಣಸಾಧನದ ಮೂಲಕ ಲೋಕ ಕೇಳಿಸುವ ಬಗೆಯನ್ನು ಆ ಗುಂಯ್‌ಗುಡುವಿಕೆ ಹತ್ತಿರ ತರುತ್ತದೆ.

ಆದರೂ ನಾನು ಮಂಗಾವನ್ನೇ ಮುಂದಿಡುತ್ತೇನೆ. ಏಳು ಸಂಪುಟವನ್ನು 130 ನಿಮಿಷಕ್ಕೆ ಇಳಿಸುವಾಗ ಗೆಳೆಯರೆಲ್ಲ ಸೇರಿ ಸಿನಿಮಾ ತೆಗೆಯುವ ಭಾಗವೇ ಇಲ್ಲವಾಯಿತು, ಅದರೊಂದಿಗೆ ಉಏನೋ, ಕವಾಯಿ, ಸಹಾರಾ ಮೊದಲಾದವರ ಒಳಮನಸ್ಸೂ ಹೋಯಿತು. ಚಿತ್ರದಲ್ಲಿ ಅವರು ಶೋಯಾನ ಸುತ್ತಲಿನವರು ಮಾತ್ರ. ಮಂಗಾದಲ್ಲಿ ಒಬ್ಬೊಬ್ಬರಿಗೂ ಒಂದು ಅಧ್ಯಾಯವಿದೆ, ಪೀಡನೆ ಒಬ್ಬ ಹುಡುಗನ ತಪ್ಪಾಗಿರದೆ ಇಡೀ ತರಗತಿಯ, ಶಿಕ್ಷಕನ ಮೌನದ ತಪ್ಪೂ ಹೇಗಾಗಿತ್ತು ಎಂಬುದು ಅಲ್ಲಿ ತೆರೆದುಕೊಳ್ಳುತ್ತದೆ. ಶೋಕೋಳ ಕಣ್ಣಿನಿಂದ ಹೇಳಿದ ಅಧ್ಯಾಯದಲ್ಲಂತೂ ಬೇರೆಯವರ ಮಾತಿನ ಗುಳ್ಳೆಗಳೊಳಗಿನ ಅಕ್ಷರಗಳನ್ನೇ ಅರ್ಧರ್ಧ ಅಳಿಸಿ ಮುದ್ರಿಸಲಾಗಿದೆ. ಓದುಗ ಕಣ್ಣು ಕಿರಿದಾಗಿಸಿ, ತುಟಿಗಳನ್ನು ನೋಡಿ, ಊಹಿಸಿ ಅರ್ಥ ಮಾಡಿಕೊಳ್ಳಬೇಕು. ಅವಳ ದಿನನಿತ್ಯದ ದಣಿವನ್ನು ನನಗೆ ತಿಳಿಸಿದ್ದು ಆ ಪುಟಗಳು.

ಒಂದೇ ಸಂಜೆ ಬಿಡುವಿದ್ದರೆ ಚಿತ್ರ ನೋಡಿ. ಅದು ತನ್ನಷ್ಟಕ್ಕೆ ಸುಂದರವಾದ ಕೃತಿ. ವಾರ ಪೂರ್ತಿ ಇದ್ದು ದಿನಕ್ಕೊಂದು ಸಂಪುಟ ಓದಬಲ್ಲಿರಾದರೆ ಮಂಗಾ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಏಳನ್ನೂ ಕೊಳ್ಳುವುದು ಭಾರವೆನಿಸಿದರೆ ಗೆಳೆಯರಿಬ್ಬರು ಹಂಚಿಕೊಂಡು ಕೊಳ್ಳಬಹುದು. ಮೊದಲ ಸಂಪುಟದ ಬಹುಭಾಗ ಪೀಡನೆಯ ಕಥೆಯಾದ್ದರಿಂದ ಅದೊಂದನ್ನೇ ಓದಿ ನಿಲ್ಲಿಸಬೇಡಿ, ಎರಡನೆಯದಾದರೂ ಕೈಯಲ್ಲಿರಲಿ.

ತೊತ್ತೋಚಾನ್: ಕನ್ನಡದಲ್ಲಿ ಓದಬಹುದಾದದ್ದು

ಕುರೊಯಾನಗಿ ತೆತ್ಸುಕೊ ತಮ್ಮ ಬಾಲ್ಯವನ್ನು ಕುರಿತು 1981ರಲ್ಲಿ ಪ್ರಕಟಿಸಿದ ಈ ಪುಸ್ತಕ ಕಾದಂಬರಿಯಂತೆ ಓದಿಸಿಕೊಳ್ಳುವ ನೆನಪುಗಳ ಸಂಗ್ರಹ. ಕನ್ನಡದ ಓದುಗರಿಗೆ, ಅದರಲ್ಲೂ ಶಿಕ್ಷಕರಿಗೆ, ಇದು ಹಳೆಯ ಪರಿಚಯ. ನ್ಯಾಷನಲ್ ಬುಕ್ ಟ್ರಸ್ಟ್ ಹೊರತಂದ ಕನ್ನಡ ಅನುವಾದ ಇಲ್ಲಿ ಹೇಳಿದ ಎಲ್ಲ ಪುಸ್ತಕಗಳಿಗಿಂತ ಅಗ್ಗ. 2023ರ ಡಿಸೆಂಬರಿನಲ್ಲಿ ಯಕುವಾ ಶಿನ್ನೊಸುಕೆ ನಿರ್ದೇಶನದ ಅನಿಮೆ ಚಿತ್ರವೂ ಬಂದಿದೆ.

ರೈಲುಬಂಡಿಯ ಡಬ್ಬಿಗಳನ್ನೇ ತರಗತಿಗಳಾಗಿಸಿಕೊಂಡ ತೊಮೊಯೆ ಶಾಲೆ, ಮೊದಲ ದಿನವೇ ಪುಟ್ಟ ಹುಡುಗಿ ತೊತ್ತೋಚಾನ್‌ಳ (ಬಾಲ್ಯದ ತೆತ್ಸುಕೊ ಅವರೇ) ಮಾತನ್ನು ನಾಲ್ಕು ಗಂಟೆ ಕೇಳುತ್ತ ಕುಳಿತ ಮುಖ್ಯೋಪಾಧ್ಯಾಯ ಕೊಬಾಯಾಶಿ ಸೊಸಾಕು, ಪೋಲಿಯೊ ತಗುಲಿದ ಗೆಳೆಯ ಯಾಸುವಾಕಿಯನ್ನು ಮರ ಹತ್ತಿಸುವ ಸಾಹಸ, ಎಲ್ಲವೂ ಪುಸ್ತಕದಲ್ಲಿ ಎರಡು ಮೂರು ಪುಟದ ಅಧ್ಯಾಯಗಳಾಗಿವೆ. ರಾತ್ರಿ ಮಕ್ಕಳಿಗೆ ಓದಿ ಹೇಳಲು ಹೇಳಿ ಮಾಡಿಸಿದಂತಿವೆ. ಎರಡನೆಯ ಮಹಾಯುದ್ಧ ಅಲ್ಲಿ ಅಂಚಿನಲ್ಲಿ ಉಳಿಯುತ್ತದೆ. ಚಿತ್ರ ಅದನ್ನು ನಡುವಿಗೆ ತರುತ್ತದೆ. ಯಾಸುವಾಕಿಯ ಅಂತ್ಯಕ್ರಿಯೆಯಿಂದ ಹೊರಬಿದ್ದು ತೊತ್ತೋಚಾನ್ ಬೀದಿಗಳಲ್ಲಿ ಓಡುವಾಗ ಯುದ್ಧಕ್ಕೆ ಹೊರಟ ಸೈನಿಕರು, ಅವರನ್ನು ಬೀಳ್ಕೊಡುವ ಜನ, ಯುದ್ಧದಾಟ ಆಡುವ ಮಕ್ಕಳು ಅವಳ ಪಕ್ಕದಲ್ಲಿ ಹಾದುಹೋಗುತ್ತಾರೆ; ಒಂದು ಮಗುವಿನ ದುಃಖವೂ ಒಂದು ದೇಶದ ಅವಸ್ಥೆಯೂ ಅಲ್ಲಿ ಒಂದೇ ದೃಶ್ಯದಲ್ಲಿವೆ.

ಎಂಟು ಹತ್ತು ವರ್ಷದ ಮಕ್ಕಳಿರುವ ಮನೆಯಲ್ಲಿ ಪುಸ್ತಕದಿಂದಲೇ ಆರಂಭಿಸಿ, ಚಿತ್ರವನ್ನು ಮಕ್ಕಳ ಪಕ್ಕದಲ್ಲಿ ಕುಳಿತು ಆಮೇಲೆ ನೋಡಿ. ದೊಡ್ಡವರು ತಮಗಾಗಿ ಆರಿಸಿಕೊಳ್ಳುವುದಾದರೆ ಮೊದಲು ಚಿತ್ರ ನೋಡಿದರೂ ನಷ್ಟವಿಲ್ಲ. ಅದು ಎಲ್ಲ ಒಟಿಟಿಗಳಲ್ಲಿ ಸದಾ ಇರುವಂಥದ್ದಲ್ಲ, ಹುಡುಕಿಕೊಳ್ಳಬೇಕಾಗುತ್ತದೆ.

ವಾರವನ್ನು ಹಂಚಿಕೊಳ್ಳುವಾಗ

ಕೆಲಸದಿಂದ ದಣಿದು ಬಂದು ರಾತ್ರಿ ಒಂದು ಗಂಟೆಯಷ್ಟೇ ಉಳಿಯುವವರು ಫ್ರೀರೆನ್ ಅನಿಮೆಯನ್ನೂ ತೊತ್ತೋಚಾನ್ ಪುಸ್ತಕವನ್ನೂ ಜೊತೆಯಾಗಿ ಇಟ್ಟುಕೊಳ್ಳಬಹುದು. ಎರಡೂ ಸಣ್ಣ ಸಣ್ಣ ತುಂಡುಗಳಲ್ಲಿ ಮುಗಿಯುತ್ತವೆ, ಖರ್ಚೂ ಹೆಚ್ಚಿಲ್ಲ. ದಿನವೂ ಬಸ್ಸು, ಮೆಟ್ರೊದಲ್ಲಿ ಹೊತ್ತು ಕಳೆಯುವವರಿಗೆ ಔಷಧಿಕಾರ್ತಿಯ ಕಾದಂಬರಿ ಹೊಂದುತ್ತದೆ, ಏಕೆಂದರೆ ಗದ್ದಲದಲ್ಲಿ ಅನಿಮೆಯ ಧ್ವನಿಯ ಸೂಕ್ಷ್ಮವೆಲ್ಲ ಹಾಳಾಗುತ್ತದೆ, ಮಂಗಾದ ಪುಟವನ್ನು ಮೊಬೈಲಿನ ಚಿಕ್ಕ ತೆರೆಗೆ ಕುಗ್ಗಿಸಿದರೆ ಎದುರುಬದುರು ಪುಟಗಳ ಹೊಂದಾಣಿಕೆ ಮುರಿಯುತ್ತದೆ. ಮಂಗಾವನ್ನು ಓದುವುದೇ ಆದರೆ ಕಾಗದದಲ್ಲಿ ಓದಿ, ಇಲ್ಲವೇ ದೊಡ್ಡ ಟ್ಯಾಬ್ಲೆಟಿನಲ್ಲಿ. ಕದ್ದು ಸ್ಕ್ಯಾನ್ ಮಾಡಿ ಹಂಚುವ ತಾಣಗಳಲ್ಲಿ ಅನುವಾದ ಅರ್ಧಂಬರ್ಧ, ಪುಟಗಳು ಮಸುಕು, ಚಿತ್ರ ಬಿಡಿಸಿದವರಿಗೆ ಕಾಸೂ ತಲುಪುವುದಿಲ್ಲ, ಅವನ್ನು ಬಿಟ್ಟುಬಿಡಿ. ಅನಿಮೆ ನೋಡಿ ಮುಗಿಸಿದ ಮೇಲೆ ಮುಂದಿನ ಕಥೆ ಬೇಕೆನಿಸಿದರೆ ಹಿಂದಿನ ಸಂಪುಟಗಳನ್ನೆಲ್ಲ ಕೊಳ್ಳಬೇಕಾದ ಅಗತ್ಯವಿಲ್ಲ: ಫ್ರೀರೆನ್‌ನ ಮೊದಲ ಸರಣಿಯ ನಂತರ ಮಂಗಾದ ಏಳನೆಯ ಸಂಪುಟದಿಂದ, ಔಷಧಿಕಾರ್ತಿಯ ಎರಡು ಸರಣಿಗಳ ನಂತರ ಕಾದಂಬರಿಯ ಐದನೆಯ ಸಂಪುಟದಿಂದ ನೇರವಾಗಿ ಮುಂದುವರಿಯಬಹುದು.